ಡಯಲ್ ತಿರುಗುತ್ತೆ, ಶೂ ಬಿಗಿಯಾಗಲ್ಲ: ಗಾಲ್ಫ್ ಶೂ ಮನೆಯಲ್ಲೇ ರಿಪೇರಿ ಮಾಡೋದು ಹೇಗೆ?

ಪ್ರಶ್ನೆ: ನನ್ನ ಗಾಲ್ಫ್ ಶೂಗೆ ದಾರ ಇಲ್ಲ, ತಿರುಗಿಸುವ ಡಯಲ್ ಇದೆ. ಬಲಗಾಲಿನದನ್ನು ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಆದರೆ ಬಿಗಿಯಾಗುವುದಿಲ್ಲ. ಎಡಗಾಲಿನ ತಂತಿ ಒಂದು ಕಡೆ ಎಳೆ ಎಳೆಯಾಗಿ ಬಿಟ್ಟುಕೊಂಡಿದೆ. ಅಂಗಡಿಯವರು ಇದು ರಿಪೇರಿ ಆಗಲ್ಲ, ಹೊಸದು ತಗೊಳ್ಳಿ ಅಂದರು. ಸೋಲ್ ನೋಡಿದರೆ ಇನ್ನೂ ಚೆನ್ನಾಗಿದೆ, ಎಸೆಯೋಕೆ ಮನಸ್ಸು ಬರುತ್ತಿಲ್ಲ. ಮನೆಯಲ್ಲೇ ಸರಿ ಮಾಡಬಹುದಾ? ಮೀನು ಹಿಡಿಯುವ ದಾರ ಹಾಕಿದರೆ ನಡೆಯುತ್ತದಾ? (ಮೈಸೂರಿನ ಒಬ್ಬ ಓದುಗರು)

ಉತ್ತರ: ಖಂಡಿತ ಮನೆಯಲ್ಲೇ ಸರಿ ಮಾಡಬಹುದು. ಮೀನಿನ ದಾರ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ. ಹೊಸ ಶೂ ಅಂತೂ ಈಗಲೇ ತಗೊಳ್ಳಬೇಡಿ.

ಅಂಗಡಿಯಲ್ಲಿ ರಿಪೇರಿ ಆಗಲ್ಲ ಅಂದಿದ್ದು ನನಗೆ ಬೇಸರ ತರಿಸುವ ಮಾತು. ಈ ಡಯಲ್ ನೋಡೋಕೆ ಮುಚ್ಚಿಟ್ಟ ಡಬ್ಬಿ ಥರ ಕಾಣುತ್ತದೆ, ಅದಕ್ಕೇ ಜನ ಕೈ ಹಾಕಲು ಹೆದರುತ್ತಾರೆ. ಆದರೆ ಅದನ್ನು ಬಿಚ್ಚಿ ಬದಲಾಯಿಸಲಿ ಅಂತಲೇ ಮಾಡಿರುತ್ತಾರೆ. ತಂತಿ ಬೇರೆಯಾಗಿ ಬರುತ್ತದೆ, ಡಯಲ್ ಬೇರೆಯಾಗಿ ಬರುತ್ತದೆ. ಎರಡೂ ಸವೆಯುವ ಭಾಗಗಳು ಅಂತ ಮಾಡಿದವರಿಗೇ ಗೊತ್ತು.

ನಿಮ್ಮ ಡಯಲ್ ಮೇಲೆ ಅಥವಾ ಅಂಚಿನಲ್ಲಿ ‘ಬೋವಾ’ ಅಂತ ಇಂಗ್ಲಿಷ್ ಅಕ್ಷರಗಳಿವೆಯಾ ಅಂತ ಮೊದಲು ನೋಡಿ. ಫುಟ್‌ಜಾಯ್, ಅಡಿಡಾಸ್, ಎಕ್ಕೋ ಹೀಗೆ ಬೇರೆ ಬೇರೆ ಕಂಪನಿಯ ಗಾಲ್ಫ್ ಶೂಗಳಲ್ಲಿ ಬರುವ ಡಯಲ್ ಹೆಚ್ಚಾಗಿ ಇದೇ. ಇದನ್ನು ತಂದವರು ಅಮೆರಿಕದ ಕೊಲರಾಡೊದ ಗ್ಯಾರಿ ಹ್ಯಾಮರ್‌ಸ್ಲ್ಯಾಗ್. ಅವರು ಮೊದಲು ವೈದ್ಯಕೀಯ ಸಲಕರಣೆಗಳ ಕ್ಷೇತ್ರದಲ್ಲಿದ್ದವರು. 2001ರಲ್ಲಿ ಹಿಮದ ಮೇಲೆ ಜಾರುವ ಸ್ನೋಬೋರ್ಡ್ ಬೂಟಿನಲ್ಲಿ ಇದು ಮೊದಲು ಬಂತು, ಆಮೇಲೆ ಸೈಕಲ್ ಶೂ, ಗಾಲ್ಫ್ ಶೂ ಎಲ್ಲದಕ್ಕೂ ಹರಡಿತು. ಬೇರೆ ಥರದ ಡಯಲ್‌ಗಳೂ ಇವೆ, ಪ್ಯೂಮಾದ ಡಿಸ್ಕ್ ಅದರದ್ದೇ ಬೇರೆ ವ್ಯವಸ್ಥೆ. ಅವುಗಳ ಬಿಡಿಭಾಗ ಇದಕ್ಕೆ ಆಗಲ್ಲ, ಇದರದ್ದು ಅದಕ್ಕೆ ಆಗಲ್ಲ. ಈ ಉತ್ತರ ಬೋವಾ ಡಯಲ್ ಬಗ್ಗೆ.

ಒಳಗೆ ಏನಿದೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಶೂ ಮೈಗೆ ಹೊಲಿದು ಕೂರಿಸಿದ ಒಂದು ಪ್ಲಾಸ್ಟಿಕ್ ಬುಡ ಇರುತ್ತದೆ. ಅದರ ಮೇಲೆ ಡಯಲ್ ಕೂರುತ್ತದೆ. ಡಯಲ್ ಕೆಳಗೆ, ಹೊಲಿಗೆ ಮಿಷಿನ್‌ನ ಬಾಬಿನ್ ಥರ, ಒಂದು ಚಿಕ್ಕ ಸುರುಳಿ. ತಂತಿಯ ತುದಿಗಳು ಆ ಸುರುಳಿಗೆ ಸಿಕ್ಕಿಕೊಂಡಿರುತ್ತವೆ. ಡಯಲ್ ಒತ್ತಿದಾಗ ಹಲ್ಲು ಕಚ್ಚುತ್ತದೆ, ತಿರುಗಿಸಿದಂತೆ ತಂತಿ ಸುತ್ತಿಕೊಳ್ಳುತ್ತದೆ, ಹಲ್ಲು ಹಿಂದಕ್ಕೆ ಬಿಡುವುದಿಲ್ಲ. ಡಯಲ್ ಮೇಲಕ್ಕೆ ಎಳೆದರೆ ಹಲ್ಲು ಬಿಟ್ಟು ಸುರುಳಿ ಸಡಿಲ. ಇಷ್ಟೇ. ತಂತಿ ಶೂ ಮೇಲೆ ಹಾದು ಹೋಗುವ ಬಳೆಗಳಿಗೆ ಗೈಡ್ ಅನ್ನುತ್ತಾರೆ. ಕೆಲವು ಪ್ಲಾಸ್ಟಿಕ್, ಕೆಲವು ಬಟ್ಟೆ ಪಟ್ಟಿ. ಕೆಟ್ಟರೆ ಈ ನಾಲ್ಕರಲ್ಲಿ ಒಂದು ಕೆಟ್ಟಿರಬೇಕು: ತಂತಿ, ಡಯಲ್, ಬುಡ, ಗೈಡ್. ಯಾವುದು ಅಂತ ತಿಳಿಯುವ ಮೊದಲು ಸ್ಕ್ರೂಡ್ರೈವರ್ ಹಿಡಿಯಬೇಡಿ.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಸೋಲ್ ಚೆನ್ನಾಗಿದೆ ಅಂದಿರಿ, ಆದರೂ ಹೆಬ್ಬೆರಳಿನಿಂದ ಹಿಮ್ಮಡಿಯ ಪಕ್ಕದಲ್ಲಿ ಬಲವಾಗಿ ಒತ್ತಿ ನೋಡಿ. ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟ ಶೂಗಳ ನಡುವಿನ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೇ ಒಳಗಿಂದ ಹಾಳಾಗುತ್ತದೆ. ಹೊರಗೆ ಹೊಸದರ ಹಾಗೇ ಕಾಣುತ್ತದೆ, ಒತ್ತಿದರೆ ಬಿರುಕು ಬಿಡುತ್ತದೆ, ಪುಡಿ ಉದುರುತ್ತದೆ. ಹಾಗಾಗಿದ್ದರೆ ಡಯಲ್‌ಗೆ ಖರ್ಚು ಮಾಡಬೇಡಿ, ಎರಡು ರೌಂಡ್ ಆಡುವಷ್ಟರಲ್ಲಿ ಸೋಲ್ ಕೈ ಕೊಡುತ್ತದೆ. ಒತ್ತಿದಾಗ ಗಟ್ಟಿಯಾಗಿ ಪುಟಿದರೆ ಮುಂದುವರಿಯಿರಿ.

ಈಗ ಬಲಗಾಲಿನ ಶೂ. ಟಿಕ್ ಟಿಕ್ ಸದ್ದು ಬರುತ್ತಿದೆ ಅಂದರೆ ಹಲ್ಲು ಪೂರ್ತಿ ಸತ್ತಿಲ್ಲ. ಕಾಲು ಹಾಕದೆ, ಡಯಲ್ ಮೇಲಕ್ಕೆ ಎಳೆದು, ಶೂ ನಾಲಿಗೆಯನ್ನು ಮುಂದಕ್ಕೆ ಎಳೆದು ತಂತಿ ಪೂರ್ತಿ ಹೊರಗೆ ಬರಲಿ. ಆಮೇಲೆ ಒಂದು ಕೈಯಲ್ಲಿ ತಂತಿಯನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡು ಡಯಲ್ ಒತ್ತಿ, ನಿಧಾನಕ್ಕೆ ತಿರುಗಿಸಿ. ಕಣ್ಣು ಡಯಲ್ ಮೇಲೆ ಬೇಡ, ತಂತಿ ಬುಡದೊಳಗೆ ಹೋಗುವ ಎರಡು ತೂತುಗಳ ಮೇಲಿರಲಿ. ಎರಡೂ ಕಡೆ ತಂತಿ ಅಲ್ಲಾಡದೆ ನಿಂತಿದ್ದರೆ ತುದಿ ಸುರುಳಿಯಿಂದ ಕಳಚಿಕೊಂಡಿದೆ, ಇಲ್ಲವೇ ಒಳಗೇ ತುಂಡಾಗಿದೆ. ಒಂದು ಕಡೆ ಮಾತ್ರ ಒಳಗೆ ಹೋಗುತ್ತಿದ್ದರೆ ಇನ್ನೊಂದು ತುದಿ ಕಳಚಿದೆ. ಎರಡೂ ಕಡೆ ಒಳಗೆ ಹೋಗಿ, ಸ್ವಲ್ಪ ಬಿಗಿ ಬಂದ ತಕ್ಷಣ ಕರ್ ಅಂತ ಹಿಂದಕ್ಕೆ ಜಾರಿದರೆ ಹಲ್ಲಿನ ನಡುವೆ ಮಣ್ಣು ಸೇರಿದೆ ಅಥವಾ ಹಲ್ಲು ಸವೆದಿದೆ. ಒತ್ತಿದರೂ ಡಯಲ್ ಕೆಳಗೆ ನಿಲ್ಲದೆ ಮೇಲಕ್ಕೆ ಎದ್ದು ಬರುತ್ತಿದ್ದರೆ ಅದೂ ಹೆಚ್ಚಾಗಿ ಮಣ್ಣಿನ ಕೆಲಸವೇ.

ನಮ್ಮ ಕಡೆ ಕೆಂಪು ಮಣ್ಣು ಅಲ್ವಾ. ಬೆಳಗಿನ ಇಬ್ಬನಿಯಲ್ಲಿ ಆಡಿದರೆ ಆ ನುಣುಪಾದ ಮಣ್ಣು ಕೆಸರಾಗಿ ಡಯಲ್ ಸಂದಿಗೆ ಇಳಿಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಕಾರಿನ ಡಿಕ್ಕಿಯಲ್ಲೇ ಒಣಗಿ ಗಟ್ಟಿಯಾಗುತ್ತದೆ. ಬಂಕರ್ ಅನ್ನುವ ಮರಳುಗುಂಡಿಯ ಮರಳು ಅದರ ಜೊತೆ ಸೇರಿದರೆ ಹಲ್ಲಿಗೆ ಉಜ್ಜುಕಾಗದ ಹಾಕಿದ ಹಾಗೆ. ಅದಕ್ಕೇ ಹೊಸ ಡಯಲ್ ತರಿಸುವ ಮೊದಲು ತೊಳೆದು ನೋಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಡಯಲ್ ಮೇಲೆ ಸುರಿಯುತ್ತಾ ಒತ್ತಿ, ತಿರುಗಿಸಿ, ಎಳೆದು ಬಿಡಿ. ಮತ್ತೆ ಮತ್ತೆ ಹಾಗೇ ಮಾಡಿ. ಹಳೆ ಟೂತ್‌ಬ್ರಷ್‌ನಿಂದ ಡಯಲ್ ಮತ್ತು ಬುಡದ ನಡುವಿನ ಸಂದಿ ತಿಕ್ಕಿ. ಮೊದಲು ಕೆಂಪು ನೀರು ಬರುತ್ತದೆ, ತಿಳಿಯಾಗುವವರೆಗೂ ಬಿಡಬೇಡಿ. ಆಮೇಲೆ ನೆರಳಲ್ಲಿ, ಫ್ಯಾನ್ ಕೆಳಗೆ ಒಣಗಿಸಿ. ಹೇರ್ ಡ್ರೈಯರ್ ಬೇಡ, ಸೋಲ್ ಅಂಟು ಬಿಡುತ್ತದೆ. ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡವೇ ಬೇಡ. ಹಾಕಿದ ದಿನ ನುಣ್ಣಗೆ ತಿರುಗುತ್ತದೆ, ಮುಂದಿನ ರೌಂಡ್‌ನಲ್ಲಿ ಧೂಳನ್ನೆಲ್ಲ ಅದೇ ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟೋ ‘ಸತ್ತ’ ಡಯಲ್‌ಗಳು ಬರೀ ನೀರಿಗೆ ಬದುಕುತ್ತವೆ. ತೊಳೆದ ಮೇಲೂ ಜಾರುತ್ತಿದ್ದರೆ ಹಲ್ಲು ಸವೆದಿದೆ ಅಂತಲೇ ಅರ್ಥ, ಡಯಲ್ ಬದಲಾಯಿಸಬೇಕು.

ಎಡಗಾಲಿನದಕ್ಕೆ ಹೆಚ್ಚು ಪರೀಕ್ಷೆ ಬೇಕಿಲ್ಲ, ತಂತಿ ಬದಲಾಯಿಸಲೇಬೇಕು. ನೀವು ಬಲಗೈ ಆಟಗಾರರು ಅಂದುಕೊಳ್ಳುತ್ತೇನೆ. ಹೊಡೆತ ಮುಗಿಯುವಾಗ ಮೈಭಾರವೆಲ್ಲ ಎಡಗಾಲಿನ ಹೊರಅಂಚಿಗೆ ಹೋಗಿ ಪಾದ ಶೂ ಒಳಗೆ ಹೊರಳಲು ನೋಡುತ್ತದೆ, ಅದನ್ನು ತಡೆಯುವುದು ಈ ತಂತಿಯೇ. ಸ್ಟೀಲ್ ತಂತಿಯಾದರೆ ನೋಡೋಕೆ ಒಂದೇ ಕಂಡರೂ ಒಳಗೆ ಸ್ಟೇನ್‌ಲೆಸ್ ಸ್ಟೀಲ್‌ನ 49 ಸಣ್ಣ ಎಳೆಗಳು ಹೆಣೆದುಕೊಂಡಿರುತ್ತವೆ, ಮೇಲೆ ನೈಲಾನ್ ಲೇಪ. ಬಾಗುವ ಜಾಗದಲ್ಲಿ ಮೊದಲು ಲೇಪ ಸೀಳುತ್ತದೆ, ಆಮೇಲೆ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಕಡಿದ ಎಳೆ ಕೂದಲಿನಷ್ಟು ಸಣ್ಣ, ಕಣ್ಣಿಗೆ ಕಾಣದೇ ಇರಬಹುದು. ಸ್ವಲ್ಪ ಹತ್ತಿ ತಗೊಂಡು ತಂತಿಯ ಉದ್ದಕ್ಕೂ ಸವರಿ. ಎಲ್ಲಿ ಎಳೆ ಕಡಿದಿದೆಯೋ ಅಲ್ಲಿ ಹತ್ತಿ ಸಿಕ್ಕಿಕೊಂಡು ನಿಲ್ಲುತ್ತದೆ. ಬೆರಳಿನಿಂದ ಮಾತ್ರ ಸವರಬೇಡಿ, ಚುಚ್ಚಿದರೆ ಉಗುರಿನ ಸಂದಿಯಿಂದ ತೆಗೆಯೋದು ಕಷ್ಟ. ಬಲಗಾಲಿನ ತಂತಿಗೂ ಇದನ್ನೇ ಮಾಡಿ. ಅಲ್ಲೂ ಹತ್ತಿ ಸಿಕ್ಕಿಕೊಂಡರೆ ಎರಡೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು.

ಮುಖ್ಯವಾಗಿ ಹತ್ತಿ ಎಲ್ಲಿ ನಿಂತಿತು ಅಂತ ನೋಡಿಕೊಳ್ಳಿ. ಆ ಜಾಗದ ಗೈಡ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಪ್ಲಾಸ್ಟಿಕ್‌ನಲ್ಲಿ ತಂತಿ ಕೊರೆದ ಗೀರು ಕಾಣಬಹುದು. ಗೀರು ಆಳವಾಗಿ, ಅಂಚು ಚೂಪಾಗಿದ್ದರೆ ಹೊಸ ತಂತಿಯನ್ನೂ ಅದು ಅಲ್ಲೇ ಕಡಿಯುತ್ತದೆ. ತುಂಬಾ ಸಣ್ಣ ಉಜ್ಜುಕಾಗದವನ್ನು ಬೆಂಕಿಕಡ್ಡಿಗೆ ಸುತ್ತಿ ಆ ಅಂಚನ್ನು ಮೆಲ್ಲಗೆ ನಯ ಮಾಡಿ. ಈ ಒಂದು ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಹೊಸ ತಂತಿಯೇ ಸರಿ ಇಲ್ಲ ಅಂತಾರೆ.

ಬಿಡಿಭಾಗ ಎಲ್ಲಿ ಸಿಗುತ್ತದೆ? ಡಯಲ್ ಮತ್ತು ತಂತಿಗೆ ಆ ಶೂ ಬಾಳುವಷ್ಟು ಕಾಲ ಖಾತರಿ ಅಂತ ಬೋವಾ ಕಂಪನಿಯೇ ಹೇಳುತ್ತದೆ. ಅವರ ವೆಬ್‌ಸೈಟ್‌ನಲ್ಲಿ ಶೂ ಕಂಪನಿ, ಮಾದರಿ, ಯಾವ ಕಾಲು ಅನ್ನೋದನ್ನೆಲ್ಲ ತುಂಬಿ ರಿಪೇರಿ ಕಿಟ್ ಕೇಳಬಹುದು. ನಿಮ್ಮ ವಿಳಾಸಕ್ಕೆ ಕಳಿಸುತ್ತಾರಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ. ದುಡ್ಡು ಕೊಟ್ಟು ಬೇರೆ ಕಡೆ ಕೊಳ್ಳುವ ಮೊದಲು ಇದನ್ನು ಕೇಳಿಯೇ ಕೇಳಿ, ಜೊತೆಗೆ ಶೂ ಕಂಪನಿಗೂ ಒಂದು ಮೇಲ್ ಹಾಕಿ. ಡಯಲ್‌ಗಳಲ್ಲಿ ಎಲ್6, ಎಚ್4 ಅಂತ ಬೇರೆ ಬೇರೆ ಮಾದರಿಗಳಿವೆ. ನೋಡೋಕೆ ಒಂದೇ ಥರ ಇದ್ದರೂ ಒಂದರ ಬುಡಕ್ಕೆ ಇನ್ನೊಂದು ಕೂರುವುದಿಲ್ಲ. ಶೂ ನಾಲಿಗೆ ಒಳಗಿನ ಚೀಟಿ, ಡಯಲ್ ಪಕ್ಕದಿಂದ ಒಂದು, ಮೇಲಿಂದ ಒಂದು, ಮೂರೂ ಫೋಟೊ ತೆಗೆದಿಟ್ಟುಕೊಳ್ಳಿ. ತಂತಿಯ ಉದ್ದವೂ ಮಾದರಿಗೊಂದು. ಚಿಕ್ಕದಾದರೆ ಕಾಲು ಒಳಗೇ ಹೋಗಲ್ಲ, ಉದ್ದವಾದರೆ ಸುರುಳಿ ತುಂಬಿಹೋಗಿ ಬಿಗಿಯಾಗುವ ಮೊದಲೇ ಡಯಲ್ ನಿಂತುಬಿಡುತ್ತದೆ.

ಕಿಟ್ ಬಂದ ಮೇಲೆ ಅವಸರ ಬೇಡ. ಸಂಜೆ ಟ್ಯೂಬ್‌ಲೈಟ್ ಕೆಳಗೆ ಮಾಡುವ ಕೆಲಸ ಅಲ್ಲ ಇದು, ಹಗಲಿನ ಬೆಳಕಲ್ಲಿ ಮಾಡಿ. ಕೆಳಗೆ ಬಿಳಿ ಪಂಚೆಯೋ ಟವೆಲ್ಲೋ ಹಾಸಿಕೊಳ್ಳಿ, ಸಣ್ಣ ಸ್ಕ್ರೂ ಬಿದ್ದರೂ ಕಾಣುತ್ತದೆ, ಉರುಳಿ ಹೋಗಲ್ಲ. ಕಣ್ಣಿಗೆ ಕನ್ನಡಕ ಇರಲಿ, ಓದುವ ಕನ್ನಡಕ ಆದರೂ ಸರಿ. ಸ್ಟೀಲ್ ತಂತಿ ಕತ್ತರಿಸಿದಾಗ ತುದಿ ಚಿಮ್ಮುತ್ತದೆ.

ಮೊದಲು ತಂತಿ ಯಾವ ಗೈಡ್‌ನಿಂದ ಯಾವುದಕ್ಕೆ ಹೋಗುತ್ತದೆ ಅಂತ ಫೋಟೊ ತೆಗೆದುಕೊಳ್ಳಿ. ಡಯಲ್ ಎಳೆದು ಪೂರ್ತಿ ಸಡಿಲ ಮಾಡಿ. ಹೊಸ ಮಾದರಿಗಳಲ್ಲಿ ಡಯಲ್ ಇಡಿಯಾಗಿ ಬುಡದಿಂದ ಹೊರಗೆ ಬರುತ್ತದೆ. ಬುಡದ ಅಂಚಿನಲ್ಲಿ ಒಂದು ಚಿಕ್ಕ ಸೀಳು ಹುಡುಕಿ, ಕನ್ನಡಕ ರಿಪೇರಿ ಮಾಡುವಂಥ ಚಪ್ಪಟೆ ಸ್ಕ್ರೂಡ್ರೈವರ್ ತುದಿಯನ್ನು ಅದರಲ್ಲಿಟ್ಟು ಒತ್ತಿ. ಯಾವ ಕಡೆಗೆ ಒತ್ತಬೇಕು ಅನ್ನೋದು ಮಾದರಿಗೆ ತಕ್ಕ ಹಾಗೆ ಬೇರೆ, ಕಿಟ್ ಜೊತೆಯ ಚಿತ್ರದಲ್ಲಿ ಇರುತ್ತದೆ. ಹಳೆಯ ಕೆಲವು ಮಾದರಿಗಳಲ್ಲಿ ಮೊದಲು ಮೇಲಿನ ಟೋಪಿ ಎಬ್ಬಿಸಬೇಕು, ಅದರ ಕೆಳಗೆ ನಡುವೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ನಕ್ಷತ್ರ ತಲೆಯ ಸ್ಕ್ರೂ ಆದರೆ ಅದಕ್ಕೆ ಸರಿಯಾದ ಬಿಟ್ಟೇ ಬೇಕು, ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿ ತಲೆ ಸವೆಸಿದರೆ ಮತ್ತೆ ಅದನ್ನು ತೆಗೆಯೋದು ಇನ್ನೊಂದು ಯುದ್ಧ. ಯಾವುದೇ ಆಗಲಿ, ಜೋರು ಮಾಡಿದರೆ ಮುರಿಯೋದು ಬುಡ. ಡಯಲ್ ಹೊಸದು ಸಿಗುತ್ತದೆ, ಬುಡ ಸಿಗಲ್ಲ.

ಡಯಲ್ ಹೊರಗೆ ಬಂದ ಮೇಲೆ ತಿರುಗಿಸಿ ಅದರ ಹೊಟ್ಟೆ ನೋಡಿ. ಹಳೆ ತಂತಿಯ ತುದಿ ಸುರುಳಿಗೆ ಹೇಗೆ ಸಿಕ್ಕಿಕೊಂಡಿದೆ ಅಂತ ಹತ್ತಿರದಿಂದ ಇನ್ನೊಂದು ಫೋಟೊ ತೆಗೆಯಿರಿ. ಕೆಲವದರಲ್ಲಿ ತುದಿಗೆ ಗಂಟು ಹಾಕಿ ಒಂದು ಗುಳಿಯಲ್ಲಿ ಕೂರಿಸಿರುತ್ತಾರೆ, ಕೆಲವದರಲ್ಲಿ ಗಂಟಿಲ್ಲದೆ ಒಂದು ತೂತಿನಿಂದ ಹೊರಗೆ ತಂದು ಇನ್ನೊಂದರಲ್ಲಿ ವಾಪಸ್ ತೂರಿಸಿ ಕುಣಿಕೆಯಾಗಿ ಬಿಗಿದಿರುತ್ತಾರೆ. ಹೊಸದನ್ನೂ ಹಾಗೇ ಮಾಡಬೇಕು.

ಹಳೆ ತಂತಿಯನ್ನು ಪೂರ್ತಿ ಎಳೆದು ಬಿಸಾಡಬೇಡಿ. ಒಂದೊಂದೇ ಗೈಡ್‌ನಿಂದ ಹಳೆಯದನ್ನು ತೆಗೆಯುತ್ತಾ ಹಿಂದೆಯೇ ಹೊಸದನ್ನು ತೂರಿಸುತ್ತಾ ಹೋಗಿ, ದಾರಿ ತಪ್ಪಲ್ಲ. ಎಲ್ಲೂ ತಂತಿ ಮಡಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಸ್ಟೀಲ್ ತಂತಿಗೆ ಒಮ್ಮೆ ಮಡಿಕೆ ಬಿದ್ದರೆ ಅದು ಅಲ್ಲೇ ಕಡಿಯುತ್ತದೆ, ನೆಟ್ಟಗೆ ಮಾಡಿದರೂ ಪ್ರಯೋಜನ ಇಲ್ಲ. ಕಿಟ್‌ನ ತಂತಿಯ ತುದಿಯನ್ನು ಸುಮ್ನೆ ಕತ್ತರಿಸಬೇಡಿ. ತೂತಿಗೆ ಸಲೀಸಾಗಿ ಹೋಗಲಿ ಅಂತ ಎಳೆಗಳು ಬಿಡದ ಹಾಗೆ ಮಾಡಿರುತ್ತಾರೆ. ಕತ್ತರಿಸಲೇಬೇಕಾದರೆ ಚೂಪಾದ ಕಟಿಂಗ್ ಪ್ಲೇಯರ್‌ನಿಂದ ಒಂದೇ ಏಟಿಗೆ. ಉಗುರು ಕತ್ತರಿ ತಂತಿಯನ್ನು ಜಜ್ಜುತ್ತದೆ, ಜಜ್ಜಿದ ತುದಿ ತೂತಿಗೆ ಹೋಗಲ್ಲ. ಎಳೆ ಬಿಟ್ಟುಕೊಂಡರೆ ಒಂದು ಹನಿ ಫೆವಿಕ್ವಿಕ್ ಹಾಕಿ, ಒಣಗಿದ ಮೇಲೆ ತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿ. ಲೈಟರ್‌ನಿಂದ ಸುಡಬೇಡಿ, ಲೇಪ ಕರಗುತ್ತದೆ, ಸ್ಟೀಲ್ ಹಾಗೇ ಬಿಚ್ಚಿಕೊಂಡೇ ಇರುತ್ತದೆ.

ಎಲ್ಲ ಗೈಡ್ ಮುಗಿದ ಮೇಲೆ ಎರಡೂ ತುದಿಗಳು ಬುಡದ ತೂತುಗಳಿಂದ ಮೇಲೆ ಬರಬೇಕು. ಆಮೇಲೆ ಸುರುಳಿಗೆ ಸಿಕ್ಕಿಸಿ, ಗಂಟು ಹಾಕುವ ಮಾದರಿಯಾದರೆ ಗಂಟನ್ನು ಇಕ್ಕಳದಿಂದ ಎಳೆದು ಗಟ್ಟಿ ಮಾಡಿ ಗುಳಿಯೊಳಗೆ ಪೂರ್ತಿ ಮುಳುಗಿಸಿ. ಇದು ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಜಾಗ. ಗಂಟು ಒಂದಿಷ್ಟು ಮೇಲೆ ಉಬ್ಬಿದ್ದರೂ ಸುರುಳಿ ತಿರುಗುವಾಗ ಬುಡಕ್ಕೆ ಉಜ್ಜುತ್ತದೆ, ಸ್ವಲ್ಪ ದಿನಕ್ಕೇ ಕಳಚುತ್ತದೆ. ನಿಮ್ಮ ಬಲಗಾಲಿನ ಶೂನಲ್ಲಿ ತಂತಿ ಒಳಗೆ ಹೋಗದೇ ನಿಂತಿದ್ದರೆ ಇಂಥದ್ದೇ ಏನೋ ಆಗಿರಬಹುದು. ಉಳಿದ ತುದಿ ಕತ್ತರಿಸುವಾಗ ಗಂಟಿನಿಂದ ಸ್ವಲ್ಪ ಬಿಟ್ಟು ಕತ್ತರಿಸಿ, ತೀರಾ ಗಂಟಿಗೆ ತಾಗಿಸಿ ಬೇಡ.

ಡಯಲ್ ಕೂರಿಸುವ ಮೊದಲು ನಾಲಿಗೆಯನ್ನು ಮುಂದಕ್ಕೆ ಎಳೆದು ತಂತಿಯ ಸಡಿಲನ್ನೆಲ್ಲ ಶೂ ಕಡೆಗೆ ತೆಗೆದುಕೊಳ್ಳಿ, ಬುಡದೊಳಗೆ ತಂತಿ ಗುಪ್ಪೆಯಾಗಿ ಉಳಿಯಬಾರದು. ಡಯಲ್ ಟಕ್ ಅಂತ ಕೂತ ಮೇಲೆ ಶೂ ಒಳಗೆ ಕೈ ಹಾಕಿ ಮುಷ್ಟಿಯಿಂದ ಮೇಲಕ್ಕೆ ಒತ್ತಿ ಹಿಡಿದು ತಿರುಗಿಸಿ. ಹೀಗೆ ಎದುರು ಬಿಗಿ ಇದ್ದರೆ ತಂತಿ ಸಾಲಾಗಿ ಸುತ್ತಿಕೊಳ್ಳುತ್ತದೆ. ಖಾಲಿ ಶೂನಲ್ಲಿ ಆಟಕ್ಕೆ ಅಂತ ಗಿರಗಿರ ತಿರುಗಿಸಿದರೆ ಒಂದರ ಮೇಲೊಂದು ಅಡ್ಡಾದಿಡ್ಡಿ ಸುತ್ತಿಕೊಂಡು ಸಿಕ್ಕಾಗುತ್ತದೆ. ಮಕ್ಕಳ ಕೈಗೆ ಈ ಶೂ ಸಿಗದ ಹಾಗೆ ಇಡಿ, ಅವರಿಗೆ ಆ ಟಿಕ್ ಟಿಕ್ ಸದ್ದು ಬಹಳ ಇಷ್ಟ.

ಈಗ ನಿಮ್ಮ ಮೀನಿನ ದಾರದ ವಿಷಯ. ಸಾಮಾನ್ಯ ನೈಲಾನ್ ದಾರ ಹಿಗ್ಗುತ್ತದೆ. ಮೊದಲ ಹೊಡೆತ ಹೊಡೆಯುವ ಟೀ ಹತ್ತಿರ ಬಿಗಿ ಮಾಡಿದ್ದು, ಗುಳಿ ಇರುವ ಗ್ರೀನ್ ತಲುಪುವಷ್ಟರಲ್ಲಿ ಸಡಿಲ. ಹೆಣೆದ ಮೀನಿನ ದಾರ ಹಿಗ್ಗಲ್ಲ ನಿಜ, ಆದರೆ ಅದು ತುಂಬಾ ಸಣ್ಣ, ಪ್ಲಾಸ್ಟಿಕ್ ಗೈಡನ್ನು ಗರಗಸದಂತೆ ಕೊಯ್ಯುತ್ತದೆ. ಸೈಕಲ್ ಗೇರ್ ಕೇಬಲ್ ಹಾಕೋಣ ಅನ್ನುವವರೂ ಇದ್ದಾರೆ. ಅದು 1.1ರಿಂದ 1.2 ಮಿಲಿಮೀಟರ್ ದಪ್ಪ, ಬಿರುಸು, ಈ ಪುಟ್ಟ ಸುರುಳಿಗೆ ಸುತ್ತಿಕೊಳ್ಳೋಕೆ ಬಗ್ಗುವುದೇ ಇಲ್ಲ. ಗಿಟಾರ್ ತಂತಿ ಒಂದೇ ಎಳೆಯದ್ದು, ಬಾಗಿದ ಕಡೆ ಟಣ್ ಅಂತ ಮುರಿಯುತ್ತದೆ. ಇದರಲ್ಲಿ ಯಾವುದನ್ನೂ ಡಯಲ್‌ಗೆ ಸಿಕ್ಕಿಸಬೇಡಿ. ನಿಮ್ಮ ತಂತಿ ಬಟ್ಟೆ ದಾರದ ಥರ ಮೃದುವಾಗಿದ್ದರೆ ಅದು ಹೆಣೆದ ಬಗೆ, ಆಗಲೂ ಅದೇ ಬಗೆಯದನ್ನೇ ಹಾಕಬೇಕು. ಕಿಟ್ ಬರೋದು ತಡ, ಈ ಭಾನುವಾರ ಆಡಲೇಬೇಕು ಅಂದರೆ ಒಂದು ದಾರಿ ಇದೆ: ಡಯಲ್ ಮುಟ್ಟದೆ, ಗೈಡ್‌ಗಳಿಗೆ ಸಣ್ಣ ಗುಂಡು ಲೇಸ್ ತೂರಿಸಿ ನಾಲಿಗೆಯ ಮೇಲೆ ಕೈಯಲ್ಲೇ ಗಂಟು ಕಟ್ಟಿ ಆಡಿ. ಚೆಂದ ಕಾಣಲ್ಲ, ಕಾಲು ಮಾತ್ರ ಭದ್ರವಾಗಿರುತ್ತದೆ.

ಬುಡ ಬಿರುಕು ಬಿಟ್ಟಿದ್ದರೆ ನನ್ನ ಸಲಹೆ, ಮನೆಯಲ್ಲಿ ಕೈ ಹಾಕಬೇಡಿ. ಅದು ಶೂನ ಎರಡು ಪದರದ ನಡುವೆ ಹೊಲಿದು ಅಂಟಿಸಿದ್ದು, ಅಂಟು ಸುರಿದರೆ ತಂತಿಯ ತೂತೇ ಮುಚ್ಚಿಹೋಗುತ್ತದೆ. ಬಟ್ಟೆ ಪಟ್ಟಿಯ ಗೈಡ್ ಹೊಲಿಗೆ ಬಿಟ್ಟಿದ್ದರೆ ಮಾತ್ರ ಚಿಂತೆ ಇಲ್ಲ, ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುವವರೇ ಮೇಣ ಹಚ್ಚಿದ ದಾರದಲ್ಲಿ ಗಟ್ಟಿಯಾಗಿ ಹೊಲಿದುಕೊಡುತ್ತಾರೆ. ಕೊಡುವ ಮೊದಲು ಎದುರಿನ ಪಟ್ಟಿ ಎಷ್ಟು ಉದ್ದ ಹೊರಗಿದೆ ಅಂತ ಪೆನ್ನಿನಿಂದ ಗುರುತು ಹಾಕಿ ಕೊಡಿ. ಒಂದು ಕಡೆ ಗಿಡ್ಡವಾದರೆ ಶೂ ಸೊಟ್ಟ ಬಿಗಿಯಾಗಿ ಪಾದದ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತದೆ. ಆ ದಿನ ತಂತಿಯನ್ನು ಸಡಿಲ ಮಾಡಿ ಪಕ್ಕಕ್ಕೆ ಕಟ್ಟಿಡಿ, ಸೂಜಿ ತಾಗಿ ಲೇಪ ಸೀಳಬಾರದು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಲು ಒಳಗಿದ್ದಾಗಲೇ ಡಯಲ್ ಸಿಕ್ಕಾಗಿ ಬಿಡದೇ ಹೋದರೆ ಗಾಬರಿಯಾಗಿ ಕಾಲು ಕಿತ್ತುಕೊಳ್ಳಬೇಡಿ. ಡಯಲ್ ಮೇಲಕ್ಕೆ ಎಳೆದ ಸ್ಥಿತಿಯಲ್ಲೇ ಬುಡದ ಹತ್ತಿರ ತಂತಿಯನ್ನು ಹಿಡಿದು ಹೊರಕ್ಕೆ ಜಗ್ಗಿ, ಹೆಚ್ಚಾಗಿ ಬಿಡುತ್ತದೆ. ಬಿಡದಿದ್ದರೆ ಮುಖ ಆಚೆ ತಿರುಗಿಸಿ ನಾಲಿಗೆ ಮಧ್ಯದಲ್ಲಿ ತಂತಿ ಕತ್ತರಿಸಿ. ತಂತಿ ಹೋದರೆ ಹೋಯಿತು, ಬದಲಾಯಿಸಬಹುದು.

ರಿಪೇರಿ ಆದ ಮೇಲೆ ನೇರವಾಗಿ ಪೂರ್ತಿ ರೌಂಡ್‌ಗೆ ಹೋಗಬೇಡಿ. ಮೊದಲು ಪ್ರಾಕ್ಟೀಸ್ ರೇಂಜ್‌ನಲ್ಲಿ ಒಂದು ಬುಟ್ಟಿ ಚೆಂಡು ಹೊಡೆಯಿರಿ, ಮಧ್ಯೆ ಮಧ್ಯೆ ಡಯಲ್ ತಾನಾಗಿ ಸಡಿಲಾಗುತ್ತಿದೆಯಾ ನೋಡಿ. ಹೊಸ ತಂತಿ ಕುಣಿಕೆಯಲ್ಲಿ ಕೂರುವಾಗ ಸ್ವಲ್ಪ ಸಡಿಲ ಬರೋದು ಸಹಜ, ಒಂದೆರಡು ಟಿಕ್ ಹೆಚ್ಚಿಗೆ ತಿರುಗಿಸಿದರೆ ಸಾಕು. ಪದೇ ಪದೇ ಸಡಿಲಾಗುತ್ತಿದ್ದರೆ ಗಂಟು ಜಾರುತ್ತಿದೆ ಅಂತ, ಮತ್ತೆ ಬಿಚ್ಚಿ ಗಟ್ಟಿ ಮಾಡಬೇಕು. ಬಲಗಾಲಿನದನ್ನು ತೊಳೆದ ಮೇಲೆ ಏನಾಯಿತು, ತಂತಿ ಒಳಗೆ ಹೋಯಿತಾ ಇಲ್ಲ ಜಾರಿತಾ ಅಂತ ಬರೆದು ತಿಳಿಸಿ. ಆ ಡಯಲ್‌ನ ಫೋಟೊ ಕಳಿಸಿದರೆ ನಿಮ್ಮದು ಯಾವ ಮಾದರಿ ಅಂತ ನೋಡಿ ಹೇಳುತ್ತೇನೆ.